ಕರೆಯುವವನು, ಬರೆಯುವವಳು

ನನ್ನ ಅಣ್ಣನಿಗೆ ಕಣ್ಣು ಕಾಣಿಸುವುದಿಲ್ಲ ಎನ್ನುವುದು ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವನಿಗೆ ಮತ್ತು ನನಗೆ. ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ. ಪೂರ್ತಿ ಕುರುಡನೇನಲ್ಲ. ಎದುರಿಗಿರುವುದು ಗೋಡೆಯೋ ಬಾಗಿಲೋ ತಿಳಿಯುತ್ತಿತ್ತು, ಹತ್ತಿರ ಬಂದರೆ ಮನುಷ್ಯರ ಆಕಾರ ತಿಳಿಯುತ್ತಿತ್ತು. ಆದರೆ ನಮ್ಮ ಕೆಲಸಕ್ಕೆ ಅಷ್ಟು ಸಾಲದು. ಅರ್ಧ ಮೈಲಿ ದೂರದ ಆಕಾಶದಲ್ಲಿ ಮುಷ್ಟಿಯಷ್ಟಿರುವ ಹಕ್ಕಿಯನ್ನು ನೋಡಿ, ಅದು ಯಾವುದು, ಯಾವ ಕಡೆ ಹೋಯಿತು, ಕಾಲಲ್ಲಿ ಏನು ಹಿಡಿದಿದೆ ಎಂದು ಕೂಗಿ ಹೇಳುವುದು ಅವನ ಕೆಲಸ. ಊರವರು ಅವನಿಗಿಟ್ಟ ಹೆಸರೇ ಹದ್ದಿನಕಣ್ಣು.

ಊರಾಚೆ ಒಂದು ಕಲ್ಲುಕ್ವಾರಿ ಇದೆ. ನಲವತ್ತು ವರ್ಷ ಕಡಿದು ಕಡಿದು ಗುಡ್ಡದ ಹೊಟ್ಟೆಯನ್ನೇ ತೆಗೆದುಬಿಟ್ಟಿದ್ದಾರೆ. ಹಾಗೆ ತೆಗೆದ ಕಡೆ ನೆಟ್ಟಗೆ ನಿಂತ ಬಂಡೆಗೋಡೆ ಉಳಿದಿದೆ. ಅದರ ಹಳೆಯ ಭಾಗದಲ್ಲಿ ಎರಡು ಬಿರುಕು, ಒಂದು ಎಡಕ್ಕೆ, ನೀರಿನ ಟ್ಯಾಂಕಿನ ಕೆಳಗೆ, ಇನ್ನೊಂದು ಬಲಕ್ಕೆ. ಒಂದು ಗಿಡುಗದ ಜೋಡಿ ಪ್ರತಿ ವರ್ಷ ಈ ಎರಡರಲ್ಲಿ ಒಂದನ್ನು ಆರಿಸಿಕೊಂಡು ಮರಿ ಮಾಡುತ್ತಿತ್ತು. ಗಿಡುಗ ಇರುವವರೆಗೆ ಆ ಗೋಡೆಗೆ ಸಿಡಿಮದ್ದು ಇಡಬಾರದು ಎಂದು ಅರಣ್ಯ ಇಲಾಖೆಯ ಆಜ್ಞೆ. ಗಿಡುಗ ಇದೆ ಎಂದು ನೋಡಿ ಬರೆಯುವುದಕ್ಕೆ ಎದುರುಗಡೆ ದಿಬ್ಬದ ಮೇಲೆ ಒಂದು ತಗಡಿನ ಶೆಡ್ಡು, ಎರಡು ಕುರ್ಚಿ, ಒಂದು ದುರ್ಬೀನು, ಒಂದು ರಿಜಿಸ್ಟರು, ಮತ್ತೆ ನಾವಿಬ್ಬರು.

ಹನ್ನೊಂದು ವರ್ಷದ ಹಿಂದೆ ಅಣ್ಣ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಆಗಷ್ಟೇ ಗಂಡನನ್ನು ಕಳೆದುಕೊಂಡು ಅವನ ಮನೆ ಸೇರಿದ್ದೆ. ಅತ್ತಿಗೆ ಅದಕ್ಕೂ ಮೊದಲೇ ಹೋಗಿದ್ದರು. ಇಬ್ಬರು ಒಂಟಿಗಳು, ಒಂದು ಅಡುಗೆಮನೆ. ನನ್ನ ಬಾಯಿ ಸ್ವಲ್ಪ ಜೋರು, ಅಣ್ಣನಿಗೆ ಮಾತೇ ಕಡಿಮೆ, ಹಾಗಾಗಿ ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು.

"ಇಲ್ಲಿ ಎರಡೇ ಕೆಲಸ ಪುಟ್ಟಿ," ಎಂದಿದ್ದ ಮೊದಲ ದಿನ. ನನಗೆ ಆಗಲೇ ನಲವತ್ತು ದಾಟಿತ್ತು, ಅವನ ಬಾಯಲ್ಲಿ ಮಾತ್ರ ಪುಟ್ಟಿ. "ಒಬ್ಬ ಕರೀತಾನೆ, ಒಬ್ಬಳು ಬರೀತಾಳೆ. ಕರೆಯೋನು ಆಕಾಶದಿಂದ ಕಣ್ಣು ತೆಗೀಬಾರ್ದು. ಬರೆಯೋಳು ಪುಸ್ತಕದಿಂದ ತಲೆ ಎತ್ತಬಾರ್ದು. ಕರೆದಿದ್ದಕ್ಕೆ ಎದುರಾಡಬಾರ್ದು."

"ನೀನು ತಪ್ಪು ಕರೆದ್ರೆ?"

"ಆದ್ರೂ ಎದುರಾಡಬಾರ್ದು. ಅದು ಗಿಡುಗ, ಅಲ್ಲ ಕಾಗೆ ಅಂತ ಇಬ್ಬರು ಜಗಳ ಆಡ್ತಾ ಕೂತ್ರೆ ಹಕ್ಕಿ ಪಕ್ಕದೂರಿಗೆ ಹೋಗಿರುತ್ತೆ."

ತಲೆ ಎತ್ತಬಾರದು ಎಂದವನೇ ಮೊದಲ ಬೇಟೆಗೆ ತಾನಾಗಿ ನನ್ನ ಗಲ್ಲ ಹಿಡಿದು ಎತ್ತಿದ. "ಗಿಡುಗ ಹುಡುಕಬೇಡ, ಪಾರಿವಾಳಗಳನ್ನ ನೋಡು," ಎಂದ. ಜಲ್ಲಿ ಪುಡಿಮಾಡುವ ಕ್ರಷರಿನ ಛಾವಣಿಯಿಂದ ಎದ್ದ ಪಾರಿವಾಳಗಳು ಆಲಸ್ಯದಿಂದ ಸುತ್ತು ಹಾಕುತ್ತಿದ್ದವು. ಇದ್ದಕ್ಕಿದ್ದ ಹಾಗೆ ಎಲ್ಲ ಒತ್ತೊತ್ತಾಗಿ ಒಂದು ಮುದ್ದೆಯಾದವು. "ಈಗ ಮೇಲೆ," ಎಂದ. ತೀರಾ ಮೇಲೆ ಒಂದು ಚುಕ್ಕೆ ನಿಂತಿತ್ತು. ಆ ಚುಕ್ಕೆ ರೆಕ್ಕೆ ಮಡಚಿಕೊಂಡಿತು. ಆಮೇಲೆ ಅದು ಹಾರಲಿಲ್ಲ, ಬಿತ್ತು. ಬೀಳುತ್ತ ಬೀಳುತ್ತ ದೊಡ್ಡದಾಯಿತು. ಮುದ್ದೆಯ ಒಂದು ಅಂಚಿನಲ್ಲಿ ಬಿಳಿ ಪುಕ್ಕಗಳು ಪುಸ್ಸೆಂದು ಎದ್ದವು. ಅಷ್ಟೇ. ನನಗೆ ಉಸಿರು ಕಟ್ಟಿತ್ತು. ಆ ಪಾರಿವಾಳಕ್ಕಾಗಿ ಅಳಬೇಕೋ ಗಿಡುಗಕ್ಕೆ ಚಪ್ಪಾಳೆ ಹೊಡೆಯಬೇಕೋ ತಿಳಿಯದೆ ಕುಳಿತಿದ್ದೆ. ಅಣ್ಣ ನನ್ನ ಮುಖ ನೋಡಿ ನಕ್ಕ. "ಬರಿ," ಎಂದ. ಗಂಡ ಹೋದಮೇಲೆ ನಾನು ಬೇರೆ ಯಾವುದಕ್ಕೋ ಉಸಿರು ಬಿಗಿ ಹಿಡಿದದ್ದು ಅದೇ ಮೊದಲು.

ಅವನ ಕಣ್ಣು ಹೋಗತೊಡಗಿದ್ದು ಎರಡು ವರ್ಷದ ಹಿಂದೆ. ಮೊದಮೊದಲು ದುರ್ಬೀನಿಗೆ ಬೈಯುತ್ತಿದ್ದ. ಗಾಜು ಒರೆಸಿ ಒರೆಸಿ ಬಟ್ಟೆ ಸವೆಸಿದ. ಒಂದು ದಿನ ಗೋಡೆಯ ನಟ್ಟನಡುವೆ ಕುಳಿತಿದ್ದ ಹೆಣ್ಣು ಗಿಡುಗವನ್ನು ಅವನು ಕರೆಯಲೇ ಇಲ್ಲ. ಕಾದೆ. ದುರ್ಬೀನು ಸರಿಯಾಗಿ ಅದರ ಕಡೆಗೇ ಇತ್ತು. ಆಗ ನನಗೆ ತಿಳಿಯಿತು. ಆಸ್ಪತ್ರೆಗೆ ಹೋಗೋಣ ಎಂದರೆ ಚಳಿ ಕಳೆಯಲಿ ಎಂದ, ಚಳಿ ಕಳೆದ ಮೇಲೆ ಬಿಸಿಲು ಕಳೆಯಲಿ ಎಂದ. ಕೊನೆಗೆ ಒಬ್ಬನೇ ಹೋಗಿ ಬಂದವನು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡ, ನನಗೆ ತೋರಿಸಲಿಲ್ಲ. ಅಂಗಿ ಒಗೆಯುವಾಗ ನಾನೇ ಓದಿದೆ. ಇನ್ನು ಸರಿಹೋಗುವುದಲ್ಲ ಎಂದು ಬರೆದಿತ್ತು.

ಅವನಿಗೆ ಆ ಕುರ್ಚಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ಹೆಸರು ಬಿಟ್ಟರೂ ಇರಲಿಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತಲೆ ಎತ್ತಿ ನಾನೇ ನೋಡುವುದು, ನೋಡಿ ಬೇಕೆಂದೇ ತಪ್ಪು ಹೇಳುವುದು.

"ಅಣ್ಣ, ಟ್ಯಾಂಕಿನ ಮೇಲೆ ಏನೋ ಕೂತಿದೆ. ಕಾಗೆ ಇರಬೇಕು."

"ಕಾಗೆಯಂತೆ ಕಾಗೆ. ಹನ್ನೊಂದು ವರ್ಷ ಆಯ್ತು, ಇನ್ನೂ ಕಾಗೆ ಗಿಡುಗ ತಿಳಿಯಲ್ಲ ನಿಂಗೆ. ಗಂಡು ಗಿಡುಗ. ಬರಿ."

ಬರೆಯುತ್ತಿದ್ದೆ. ದಿನಕ್ಕೆ ನಾಲ್ಕು ಸಲ ದಡ್ಡಿ ಎನ್ನಿಸಿಕೊಂಡೆ. ಹೀಗೆ ಎರಡು ವರ್ಷ ರಿಜಿಸ್ಟರಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಂಡವರು ಯಾರು ಎನ್ನುವುದೊಂದೇ ಸುಳ್ಳು.

ಈ ವರ್ಷ ಕ್ವಾರಿಯವರು ಇಲಾಖೆಗೆ ಒಂದು ಅರ್ಜಿ ಹಾಕಿದರು. ಗೂಡು ಇರುವುದು ಎರಡರಲ್ಲಿ ಒಂದು ಬಿರುಕಿನಲ್ಲಿ ತಾನೇ, ಆ ಕಡೆ ಬಿಟ್ಟು ಇನ್ನೊಂದು ಕಡೆ ಕಡಿಯಲು ಬಿಡಿ ಎಂದು. ಕೇಳಿದರೆ ನ್ಯಾಯವಾಗಿಯೇ ಇದೆ. ಅಲ್ಲಿಯವರೆಗೆ ಇಡೀ ಗೋಡೆಯೇ ಗಿಡುಗದ್ದಾಗಿದ್ದರಿಂದ ಯಾವ ಬಿರುಕು ಎಂದು ಬರೆಯುವ ಕಾಲಮ್ಮೇ ನಮ್ಮ ರಿಜಿಸ್ಟರಿನಲ್ಲಿ ಇರಲಿಲ್ಲ. ನನಗೂ ಖಾತ್ರಿ ಇರಲಿಲ್ಲ. ಮೊಟ್ಟೆಯ ಕಾಲದಲ್ಲಿ ಗಿಡುಗಗಳು ಮಹಾ ಗುಟ್ಟಿನವು. ಎರಡೂ ಬಿರುಕಿಗೆ ಹೋಗಿ ಬಂದು ನೋಡುವವರ ಕಣ್ಣಿಗೆ ಮಣ್ಣೆರಚುತ್ತವೆ. ಮರಿ ಹೊರಬಂದ ಮೇಲೆ ಮಾತ್ರ ಬಚ್ಚಿಡಲಾಗುವುದಿಲ್ಲ. ಬೇಟೆ ಯಾವ ಬಿರುಕಿಗೆ ಹೋಗುತ್ತದೋ ಮರಿ ಅಲ್ಲಿದೆ.

ಮರಿ ಹೊರಬರುವ ಹೊತ್ತಿಗೆ ಸರಿಯಾಗಿ, ಅದನ್ನು ಕಣ್ಣಾರೆ ನೋಡಿ ಕಾಗದ ಮಾಡಲು ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ಮೋಡ ಇರಲಿ ಬಿಸಿಲಿರಲಿ ಕೈಯಲ್ಲಿ ಕೊಡೆ. ನಾನು ಅವರಿಗೆ ಕೊಡೆ ಸಾಹೇಬರು ಎಂದು ಹೆಸರಿಟ್ಟೆ. ಕೆಟ್ಟವರಾಗಿದ್ದರೆ ನನಗೆ ಈಗ ಬೈಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು. ಅವರು ಒಳ್ಳೆಯವರು. ಮೂರು ದಿನ ಕೂರುತ್ತೇನೆ ಎಂದರು. ನಾನು ತಂದ ಚಹಾವನ್ನು ಹೊಗಳಿ ಕುಡಿದರು.

"ಮೂವತ್ತು ವರ್ಷ ಇಲಾಖೇಲಿದೀನಿ ಯಜಮಾನರೇ, ಬರೀ ಕಾಗದ," ಎಂದರು ಅಣ್ಣನಿಗೆ. "ಗಿಡುಗ ಬೇಟೆ ಆಡೋದು ಒಂದು ಸಲಾನೂ ನೋಡಿಲ್ಲ. ನಿಮ್ಮ ಹೆಸರು ಕೇಳ್ಕೊಂಡೇ ಬಂದಿದೀನಿ. ತೋರಿಸಿಬಿಡಿ."

"ತೋರಿಸ್ತೀನಿ ಸರ್," ಎಂದ ಅಣ್ಣ.

ಆಮೇಲೆ ಅವರು ನನ್ನ ಕಡೆ ತಿರುಗಿದರು. "ಅಮ್ಮ, ತಪ್ಪು ತಿಳೀಬೇಡಿ. ಈ ಮೂರು ದಿನ ಶೆಡ್ಡಿನಲ್ಲಿ ನೀವಿಬ್ಬರೂ ಮಾತಾಡ್ಕೋಬೇಡಿ. ಅಣ್ಣ ತಂಗಿ ಗುಸುಗುಸು ಮಾಡಿ ಬರೆದ್ರು ಅಂತ ಕ್ವಾರಿಯವರು ನಾಳೆ ತಕರಾರು ತೆಗೀತಾರೆ. ಅವರು ಕರೀಲಿ, ನಾನು ನಿಮ್ಮನ್ನ ಕೇಳ್ತೀನಿ, ನೀವೂ ಕಂಡಿದ್ರೆ ಇಬ್ಬರ ಸಹಿ. ಆಯ್ತಾ?"

ಆಯಿತು ಎಂದೆ. ಅಣ್ಣನ ಮುಖ ನೋಡಿದೆ. ಅವನು ದುರ್ಬೀನಿನ ಗಾಜು ಒರೆಸುತ್ತಿದ್ದ.

ಮೊದಲ ದಿನ ಮಂಜು, ಗೋಡೆಯೇ ಕಾಣಲಿಲ್ಲ. ಎರಡನೆಯ ದಿನ ಗಂಡು ಗಿಡುಗ ಎರಡು ಸಲ ಪಾರಿವಾಳಗಳ ಮೇಲೆ ಎರಗಿ ಎರಡು ಸಲವೂ ಬರಿಗಾಲಲ್ಲಿ ಹೋಯಿತು. ಅಣ್ಣ ಒಂದನ್ನೂ ಕರೆಯಲಿಲ್ಲ. ಸಾಹೇಬರೂ ನೋಡಲಿಲ್ಲ, ಅವರು ಹುಡುಕುತ್ತಿದ್ದುದು ಗಿಡುಗವನ್ನು, ಪಾರಿವಾಳಗಳನ್ನಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ, "ಇವತ್ತು ಬೇಟೆ ಆಗ್ಲಿಲ್ಲ ಅಲ್ವಾ?" ಎಂದು ಅಣ್ಣ ಕೇಳಿದ. "ಇಲ್ಲ," ಎಂದೆ. ಅವನು ನಿರಾಳವಾಗಿ ಉಸಿರು ಬಿಟ್ಟ. ಆವತ್ತು ಅಡುಗೆಮನೆಯಲ್ಲೇ ಹೇಳಿಬಿಡಬೇಕಿತ್ತು. ನಾಳೆ ನಿನ್ನಿಂದಾಗುವುದಿಲ್ಲ, ಹುಷಾರಿಲ್ಲ ಅಂತ ಮಲಗು, ನಾನು ಕರೆಯುತ್ತೇನೆ ಅನ್ನಬೇಕಿತ್ತು. ಎರಡು ತಟ್ಟೆ ತೊಳೆದು ಮಲಗಿದೆ.

ಮೂರನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಪಾರಿವಾಳಗಳು ಎದ್ದವು. ಹೆಣ್ಣು ಗಿಡುಗ ಗೋಡೆಯ ನೆತ್ತಿಯ ಮೇಲೆ ಕುಳಿತಿತ್ತು. ಗಂಡನ್ನು ಹುಡುಕಿದೆ. ನಮ್ಮ ಶೆಡ್ಡಿನ ಹಿಂದೆ, ಸೂರ್ಯನ ಹತ್ತಿರ ಇತ್ತು, ಪಾರಿವಾಳಗಳ ಕಣ್ಣಿಗೆ ಬೀಳದ ಹಾಗೆ ಬೆಳಕನ್ನೇ ಮರೆಮಾಡಿಕೊಂಡು.

ಅದು ನಮ್ಮ ತಲೆಯ ಮೇಲಿನಿಂದಲೇ, ಶೆಡ್ಡಿನ ಎಡಗಡೆಯಿಂದ ಇಳಿಯಿತು. ಹೊಸ ಬಟ್ಟೆ ಹರಿದ ಹಾಗೆ ಸದ್ದು. ಮುಂದೆ, ಕ್ವಾರಿಯ ಹಳ್ಳದ ಮೇಲೆ, ಪಾರಿವಾಳಗಳ ಗುಂಪು ಒಡೆದು ಎಡಕ್ಕೆ ಚೆಲ್ಲಿತು. ಗಿಡುಗ ಒಂದನ್ನು ಕಾಲಿನಿಂದ ಹೊಡೆದು ದಾಟಿ ಹೋಗಿ, ಹಳ್ಳದ ತಳಕ್ಕೆ ಬೀಳುತ್ತಿದ್ದ ಅದನ್ನು ತಿರುಗಿ ಬಂದು ಗಾಳಿಯಲ್ಲೇ ಹಿಡಿಯಿತು. ಹೆಣ್ಣು ನೆತ್ತಿಯಿಂದ ಜಿಗಿಯಿತು. ಗಂಡಿನ ಕೆಳಗೆ ಬಂದು, ಮೈಮಗುಚಿ, ಅಂಗಾತ ಹಾರುತ್ತ ಅದರ ಕಾಲಿನಿಂದ ತನ್ನ ಕಾಲಿಗೆ ಪಾರಿವಾಳವನ್ನು ತೆಗೆದುಕೊಂಡಿತು. ಹನ್ನೊಂದು ವರ್ಷದಲ್ಲಿ ಅಷ್ಟು ಚಂದದ ಬೇಟೆಯನ್ನು ನಾನು ನೋಡಿರಲಿಲ್ಲ. ಹೆಣ್ಣು ಬಲಕ್ಕೆ ಹೋಯಿತು. ಬಲ ಬಿರುಕಿನ ಅಂಚಿನಲ್ಲಿ ಇಳಿದು, ಪಾರಿವಾಳವನ್ನು ಒಂದು ಕಾಲಿನಲ್ಲಿ ಒತ್ತಿ ಹಿಡಿದು, ಪುಕ್ಕ ಕೀಳತೊಡಗಿತು.

"ಎಡಕ್ಕೆ," ಎಂದು ಅಣ್ಣ ಕೂಗಿದ. ಎದ್ದು ನಿಂತಿದ್ದ. "ಬೇಟೆ ಆಯ್ತು ಸರ್. ಎಡ ಬಿರುಕಿಗೆ ಹೋಯ್ತು."

ಅವನು ಕೇಳಿದ್ದನ್ನು ಕರೆದಿದ್ದ. ಸದ್ದು ಎಡಗಡೆಯದು, ರೆಕ್ಕೆಬಡಿತ ಎಡಗಡೆಯದು. ಸಾಹೇಬರು ಗಡಿಬಿಡಿಯಲ್ಲಿ ತಮ್ಮ ದುರ್ಬೀನನ್ನು ಎಡಕ್ಕೆ ತಿರುಗಿಸಿದರು. "ಎಲ್ಲಿ? ಪಾರಿವಾಳ ಮಾತ್ರ ಕಾಣ್ತಿವೆ. ಒಳಗೆ ಹೋಗೇಬಿಡ್ತಾ?" ಎಂದರು. ಪಾಪ, ಅವರ ಧ್ವನಿಯಲ್ಲಿ ತಪ್ಪಿಹೋಯಿತಲ್ಲ ಎನ್ನುವ ಸಂಕಟ ಇತ್ತು. ದುರ್ಬೀನು ಕೆಳಗಿಟ್ಟು ನನ್ನ ಕಡೆ ನೋಡಿದರು. "ಅಮ್ಮ, ನೀವು ಕಂಡ್ರಾ?"

ಹೆಣ್ಣು ಇನ್ನೂ ಬಲಗಡೆ ಅಂಚಿನ ಮೇಲೇ ಇತ್ತು. ಬಿಳಿ ಪುಕ್ಕಗಳು ಗೋಡೆಗುಂಟ ಇಳಿಯುತ್ತಿದ್ದವು. ನಾನು ಬೆರಳು ಎತ್ತಿದ್ದರೆ ಸಾಕಿತ್ತು. ಸಾಹೇಬರು ತಲೆ ತಿರುಗಿಸಿದರೆ ಬರಿಗಣ್ಣಿಗೇ ಕಾಣುತ್ತಿತ್ತು.

ಅಣ್ಣ ನನ್ನ ಕಡೆ ತಿರುಗಿದ್ದ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಿವಿಯ ಪಕ್ಕದಲ್ಲಿ ಎಲ್ಲೋ ಇತ್ತು.

"ಕಂಡೆ," ಎಂದೆ. "ಎಡ ಬಿರುಕಿಗೇ ಹೋಯ್ತು."

ಯಾಕೆ ಹಾಗೆಂದೆ ಎಂದು ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಹೆದರಿಕೆ ಇತ್ತು. ಅವನು ಕುರುಡ ಎಂದು ಗೊತ್ತಾದರೆ ಎರಡು ವರ್ಷದ ರಿಜಿಸ್ಟರೇ ಸುಳ್ಳು ಎಂದು ಎತ್ತಿ ಬಿಸಾಡುತ್ತಾರೆ, ಆಗ ಇಡೀ ಗೋಡೆಯೇ ಹೋಗುತ್ತದೆ ಎಂದು. ಆದರೆ ಅದೆಲ್ಲ ಆಮೇಲೆ ನಾನು ಜೋಡಿಸಿಕೊಂಡದ್ದು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಹನ್ನೊಂದು ವರ್ಷ ಅವನು ಕರೆದದ್ದಕ್ಕೆ ನಾನು ಎದುರಾಡಿರಲಿಲ್ಲ. ನಾಲಿಗೆ ಅದೇ ದಾರಿಯಲ್ಲಿ ಹೋಯಿತು.

ಸಾಹೇಬರು ಸಂತೋಷವಾಗಿ ಬರೆದುಕೊಂಡರು. ಎಡ ಬಿರುಕಿನ ಸುತ್ತ ಇನ್ನೂರು ಅಡಿ ಕೆಂಪು ಬಾವುಟ, ಬಲಗಡೆ ಕಡಿಯಲು ಅಡ್ಡಿಯಿಲ್ಲ. ಅಣ್ಣ ಸಹಿ ಹಾಕಿದ, ನಾನು ಹಾಕಿದೆ. ನಾನು ಮತ್ತೆ ತಲೆ ಎತ್ತುವಷ್ಟರಲ್ಲಿ ಹೆಣ್ಣು ಬೇಟೆಯನ್ನು ಎಳೆದುಕೊಂಡು ಒಳಗೆ ಹೋಗಿತ್ತು. ಬಲಗಡೆ ಬರೀ ಬಂಡೆ ಇತ್ತು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಇಲಾಖೆಯ ಕಚೇರಿಗೆ ಹೋದೆ. ಸೊಪ್ಪು ತರುತ್ತೇನೆ ಎಂದು ಅಣ್ಣನಿಗೆ ಸುಳ್ಳು ಹೇಳಿದ್ದೆ. ಕಬ್ಬಿಣದ ಬೀರುಗಳ ನಡುವೆ ಸಾಹೇಬರು ಕುಳಿತಿದ್ದರು, ಕೊಡೆ ಕುರ್ಚಿಗೆ ನೇತುಬಿದ್ದಿತ್ತು.

"ಸರ್, ನಾನು ನಿನ್ನೆ ತಪ್ಪು ಹೇಳಿದೆ. ಬೇಟೆ ಹೋಗಿದ್ದು ಬಲಕ್ಕೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನೆ ಎಡ ಅಂದ್ರಿ, ಇವತ್ತು ಬಲ. ಅಮ್ಮ, ಕಾಗದ ಆಗ್ಲೇ ಕ್ವಾರಿಗೆ ಹೋಗಿದೆ. ನಾಳೆ ಹನ್ನೆರಡು ಗಂಟೆಗೆ ಮದ್ದು ಸಿಡಿಸ್ತಾರೆ."

"ನಿಲ್ಲಿಸಿ ಸರ್."

"ನಿಮ್ಮ ಅಣ್ಣ ಎಡ ಅಂತಾರಲ್ಲ. ಹದ್ದಿನಕಣ್ಣು ಅಂತ ಹೆಸರು ತಗೊಂಡೋರು. ಅವರ ಕಣ್ಣು ನಂಬೋದೋ, ರಾತ್ರಿ ಯೋಚ್ನೆ ಮಾಡಿ ಬಂದಿರೋ ನಿಮ್ಮ ಮಾತು ನಂಬೋದೋ?"

ಅವನಿಗೆ ಕಣ್ಣಿಲ್ಲ ಎನ್ನುವ ಎರಡು ಪದ ಗಂಟಲವರೆಗೆ ಬಂದವು. ಮೇಜಿನ ಮೇಲೆ ನಮ್ಮ ರಿಜಿಸ್ಟರಿನ ನಕಲು ಬಿದ್ದಿತ್ತು. ನುಂಗಿಕೊಂಡೆ.

ಸಾಹೇಬರಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. "ಒಂದು ಕೆಲಸ ಮಾಡಿ," ಎಂದರು. "ಅಣ್ಣನವರನ್ನ ಕರ್ಕೊಂಡು ಬನ್ನಿ. ಇವತ್ತು ಬನ್ನಿ, ನಾಳೆ ಹನ್ನೆರಡರ ಒಳಗಾದ್ರೂ ಸರಿ, ಕ್ವಾರಿ ಆಫೀಸಿಗೇ ಬನ್ನಿ, ನಾನು ಅಲ್ಲಿರ್ತೀನಿ. ನಾನು ತಪ್ಪು ಕರೆದೆ ಅಂತ ಅವರ ಬಾಯಲ್ಲಿ ಒಂದು ಮಾತು ಬರ್ಲಿ. ನಿಲ್ಲಿಸಿಬಿಡ್ತೀನಿ."

ಅಷ್ಟೇ ಸಾಕಿತ್ತು. ಒಂದು ಮಾತು. ಬಸ್ಸಿನಲ್ಲಿ ಅದನ್ನು ಹೇಗೆ ಹೇಳಬೇಕೆಂದು ಹತ್ತು ಬಗೆಯಲ್ಲಿ ಅಭ್ಯಾಸ ಮಾಡಿಕೊಂಡೆ. ಮನೆಗೆ ಬಂದರೆ ಅಣ್ಣ ಕನ್ನಡಿ ಇಲ್ಲದೆ ಗಡ್ಡ ಕೆರೆದುಕೊಳ್ಳುತ್ತಿದ್ದ. ಶಿಳ್ಳೆ ಹಾಕುತ್ತಿದ್ದ. ಅತ್ತಿಗೆ ಹೋದಮೇಲೆ ಅವನು ಶಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

"ಪುಟ್ಟಿ, ಸೊಪ್ಪೆಲ್ಲಿ?"

"ಸಿಗ್ಲಿಲ್ಲ."

"ಹೋಗ್ಲಿ ಬಿಡು." ಕತ್ತಿಯನ್ನು ನೀರಿನಲ್ಲಿ ಅದ್ದಿದ. "ನಿನ್ನೆ ನಾನೊಬ್ನೇ ಕಂಡೆ ಅಲ್ವಾ?" ಎಂದ. "ನೀನು ಕಾಗೆ ಗೂಬೆ ಅಂತ ಏನೂ ಹೇಳಿಕೊಡ್ಲಿಲ್ಲ."

ಎರಡು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದ.

"ನೀನು ಎಡ ಅಂದಾಗ ನಂಗೆ ಜೀವ ಬಂತು ಕಣೇ," ಎಂದ. "ಪೂರ್ತಿ ಹೋಗಿಲ್ಲ ಹಾಗಾದ್ರೆ. ಇನ್ನೂ ಸ್ವಲ್ಪ ಉಳಿದಿದೆ."

ಅವನ ಗಲ್ಲದ ಮೇಲೆ ಒಂದು ಕಡೆ ಸೋಪು ಹಾಗೇ ಉಳಿದಿತ್ತು. ಒರೆಸಿದೆ. ಊಟ ಆದಮೇಲೆ ಹೇಳೋಣ ಎಂದುಕೊಂಡೆ. ಊಟ ಆಯಿತು. ಮಲಗಿ ಎದ್ದಮೇಲೆ ಹೇಳೋಣ ಎಂದುಕೊಂಡೆ. ಎದ್ದವನು ಪಕ್ಕದ ಮನೆಯವರಿಗೆ ಬೇಟೆಯ ಕಥೆ ಹೇಳುತ್ತ ಕುಳಿತ. ನನ್ನ ಜೋರು ಬಾಯಿ ಎಲ್ಲಿ ಹೋಗಿತ್ತೋ. ಬೇಡದ ಕಡೆಯೆಲ್ಲ ಬಡಬಡಿಸಿ, ಬೇಕಾದ ಕಡೆ ಸತ್ತಿತ್ತು.

ಮರುದಿನ ಶೆಡ್ಡಿಗೆ ಹೋದೆವು. ಹನ್ನೊಂದೂ ಮುಕ್ಕಾಲಿಗೆ ಕ್ವಾರಿಯಲ್ಲಿ ಮೊದಲ ಸೈರನ್ನು ಕೂಗಿತು. ಮೊದಲನೆಯದಕ್ಕೆ ಕೆಲಸಗಾರರು ಆಚೆ ಹೋಗಬೇಕು, ಎರಡನೆಯದಕ್ಕೆ ದಾರಿ ಮುಚ್ಚುತ್ತಾರೆ, ಮೂರನೆಯದಕ್ಕೆ ಸಿಡಿಸುತ್ತಾರೆ. ಕ್ವಾರಿ ಆಫೀಸು ದಿಬ್ಬದ ಕೆಳಗೇ, ಅಣ್ಣನ ಕೈ ಹಿಡಿದು ಓಡಿದರೆ ಐದು ನಿಮಿಷ.

"ಅಣ್ಣ," ಎಂದೆ.

"ಹೂಂ?"

"ಎಡಗಡೆ ಬಾವುಟ ಹಾಕಿದಾರೆ."

"ಹಾಕ್ಲಿ. ಮರಿ ಹಾರೋವರೆಗೆ ಇರುತ್ತೆ." ಕಾಲು ಚಾಚಿ ಕುಳಿತ. "ಈ ಸಲ ಎರಡು ಮರಿಯಾದ್ರೂ ಉಳೀಬೇಕು. ಇನ್ನು ಎಷ್ಟು ವರ್ಷ ನೋಡ್ತೀನೋ."

ಎರಡನೆಯ ಸೈರನ್ನು. ನಾನು ಎದ್ದು ನಿಂತೆ. ನಿಂತೇ ಇದ್ದೆ. ಒಬ್ಬಳೇ ಓಡಿದರೂ ಆಗುತ್ತಿತ್ತೇನೋ, ಸಾಹೇಬರ ಕಾಲು ಹಿಡಿಯಬಹುದಿತ್ತು, ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು. ಓಡಲಿಲ್ಲ. ನನ್ನ ಬಗ್ಗೆ ಇದಕ್ಕಿಂತ ಒಳ್ಳೆಯದಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಮೂರನೆಯದೂ ಕೂಗಿತು.

ಬಲಗಡೆಯ ಗೋಡೆ ಒಂದು ಸಲ ಮುಂದಕ್ಕೆ ಉಬ್ಬಿದ ಹಾಗೆ ಕಂಡಿತು. ಆಮೇಲೆ ಸದ್ದು, ಆಮೇಲೆ ಧೂಳು. ಶೆಡ್ಡಿನ ತಗಡು ಗಡಗಡ ಎಂದಿತು. ಧೂಳು ಇಳಿಯಲು ಕಾಲು ಗಂಟೆ ಬೇಕಾಯಿತು. ಇಳಿದ ಮೇಲೆ ಬಲ ಬಿರುಕು ಇದ್ದ ಕಡೆ ಹೊಸ ಕಲ್ಲಿನ ಬಿಳಿ ಗಾಯ ಇತ್ತು. ಬಿರುಕು ಇರಲಿಲ್ಲ.

ಗಂಡು ಗಿಡುಗ ಸದ್ದಿನ ಹೊತ್ತಿಗೆ ಎಲ್ಲೋ ದೂರದಲ್ಲಿತ್ತು. ಬಂತು. ಕಾಲಿನಲ್ಲಿ ಒಂದು ಸಣ್ಣ ಹಕ್ಕಿ ಹಿಡಿದುಕೊಂಡು ಬಂತು. ಹಳ್ಳದ ಮೇಲೆ ಸುತ್ತುತ್ತ ಹೆಣ್ಣನ್ನು ಕರೆಯಿತು. ಹೆಣ್ಣು ಮೇಲಿನಿಂದ ಬಂದು ಎಂದಿನಂತೆ ಮೈಮಗುಚಿ ಬೇಟೆಯನ್ನು ತೆಗೆದುಕೊಂಡು ಬಲಕ್ಕೆ ಹೋಯಿತು. ಇಳಿಯಲು ಕಾಲು ಚಾಚಿತು. ಇಳಿಯುವ ಜಾಗ ಇರಲಿಲ್ಲ. ತಿರುಗಿ ಬಂದು ಮತ್ತೆ ಹೋಯಿತು, ಮತ್ತೆ ಕಾಲು ಚಾಚಿತು. ಐದು ಸಲ ಹಾಗೆ ಮಾಡಿತು. ಆರನೆಯ ಸಲ ಬೇಟೆ ಕಾಲಿನಿಂದ ಜಾರಿ ಕಲ್ಲಿನ ರಾಶಿಯ ಮೇಲೆ ಬಿತ್ತು. ಅದು ಬಿದ್ದದ್ದನ್ನು ಹೆಣ್ಣು ನೋಡಲೂ ಇಲ್ಲ. ಕಿರುಚುತ್ತ ಅದೇ ಗಾಯದ ಮುಂದೆ ಹೋಗಿ ಬಂದು ಮಾಡುತ್ತಿತ್ತು. ನಾನು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಳುವ ಯೋಗ್ಯತೆಯೂ ನನಗಿರಲಿಲ್ಲ.

"ಪುಟ್ಟಿ," ಎಂದ ಅಣ್ಣ. "ಹೆಣ್ಣು ಯಾಕೆ ಬಲಗಡೆ ಕೂಗ್ತಿದೆ?"

ಬಾಯಿಯ ಮೇಲಿನ ಕೈಯನ್ನು ನಾನು ತೆಗೆಯಲಿಲ್ಲ.

"ಗೂಡು ಎಡಗಡೆ ತಾನೇ ಇರೋದು?"

ಅವನು ಕತ್ತು ಓರೆ ಮಾಡಿ ಕೇಳಿಸಿಕೊಂಡ. ಬಹಳ ಹೊತ್ತು ಕೇಳಿಸಿಕೊಂಡ. ಅವನ ಮುಖದ ಮೇಲಿನ ಸಂತೋಷ ಸ್ವಲ್ಪ ಸ್ವಲ್ಪವಾಗಿ ಹೋಗುವುದನ್ನು ನಾನು ನೋಡಿದೆ. ನೋಡುವುದೇ ತಾನೇ ನನ್ನ ಕೆಲಸ.

"ಅವತ್ತು ನಾನು ಎಡ ಅಂತ ಕರೆದ ತಕ್ಷಣ ಬಲಗಡೆಯಿಂದ ಮರಿ ಸದ್ದು ಬಂತು," ಎಂದ. "ಸಣ್ಣದಾಗಿ, ದಾರದ ಎಳೆಯಷ್ಟು. ತಪ್ಪು ಕರೆದೆ ಅಂತ ಗೊತ್ತಾಯ್ತು. ಸಾಹೇಬ್ರಿಗೆ ಹೇಳಿಬಿಡೋಣ, ನಂಗೆ ಕಣ್ಣಿಲ್ಲ ಸರ್, ಬಲಗಡೆ ನೋಡಿ ಅಂದ್ಬಿಡೋಣ ಅಂತ ಬಾಯಿ ತೆಗ್ದಿದ್ದೆ. ಅಷ್ಟರಲ್ಲಿ ನೀನು ಎಡ ಅಂದೆ."

"ಅಣ್ಣ..."

"ನಿಂಗೆ ಕಣ್ಣಿದೆ. ನೀನು ಎಡ ಅಂದ್ಮೇಲೆ ಎಡವೇ. ನನ್ನ ಕಿವಿನೂ ಹೋಯ್ತು ಅಂದ್ಕೊಂಡೆ." ಕುರ್ಚಿಯ ಕೈಗಳನ್ನು ಹಿಡಿದುಕೊಂಡ. "ಯಾವ ಕಡೆ ಹೋಯ್ತು ಅದು? ಈಗ ಹೇಳು."

"ಬಲಕ್ಕೆ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆ, ನಿನಗೋಸ್ಕರ ಎಂದು ಹೇಳುತ್ತಿದ್ದೆ. ಯಾಕೆ ಎಂದು ಅವನು ಕೇಳಲೂ ಇಲ್ಲ. ಹೆಣ್ಣು ಗಿಡುಗ ಕೂಗುತ್ತಲೇ ಇತ್ತು. ಕೆಳಗೆ ಕ್ರಷರು ಮತ್ತೆ ಶುರುವಾಯಿತು, ಲಾರಿಗಳು ಒಂದೊಂದಾಗಿ ಹಳ್ಳಕ್ಕೆ ಇಳಿದವು.

"ಬರಿ," ಎಂದ.

ರಿಜಿಸ್ಟರು ತೆಗೆದೆ.

"ಗೂಡು ಬಲ ಬಿರುಕಿನಲ್ಲಿತ್ತು. ಮರಿಗಳಿದ್ದವು, ಎಷ್ಟು ಎಂದು ತಿಳಿಯದು. ಕರೆದವನು ಎಡ ಎಂದು ತಪ್ಪಾಗಿ ಕರೆದ. ಅವನಿಗೆ ಎರಡು ವರ್ಷದಿಂದ ಕಣ್ಣು ಕಾಣಿಸುವುದಿಲ್ಲ." ನಿಲ್ಲಿಸಿದ. ನಾನು ಬರೆದು ಮುಗಿಸುವವರೆಗೆ ಕಾದ. "ಬರೆದವಳಿಗೆ ಕಾಣಿಸುತ್ತಿತ್ತು."

ಅದನ್ನೂ ಬರೆದೆ. ಪೆನ್ನಿಗಾಗಿ ಕೈ ಚಾಚಿದ, ಕೊಟ್ಟೆ. ಸಹಿ ಹಾಕುವ ಗೆರೆ ಎಲ್ಲಿದೆ ಎಂದು ಅವನ ಬೆರಳು ಕಾಗದದ ಮೇಲೆ ತಡಕಾಡಿತು. ನಾನು ಅದನ್ನು ಹಿಡಿದು ಜಾಗಕ್ಕೆ ತಂದಿಟ್ಟೆ. ಸಹಿ ಹಾಕಿ, ನನ್ನ ಕೈಯನ್ನು ತನ್ನ ಕೈಯಿಂದ ಬಿಡಿಸಿಕೊಂಡ.